ವೈದ್ಯನ ಲೇಖನಿ, ರೋಗಿಯ ಗುಟ್ಟು

(ಬಾನುಲಿ ಭಾಷಣ)

ವೈದ್ಯರ ಮುಂದೆಯೂ ವಕೀಲರ ಮುಂದೆಯೂ ಏನನ್ನೂ ಮುಚ್ಚಿಡಬಾರದೆಂದು ನಮ್ಮ ಹಿರಿಯರು ಹೇಳುವುದುಂಟು. ಇದು ರೋಗಿಗೆ ಹೇಳಿದ ಬುದ್ಧಿವಾದ. ಇದಕ್ಕೆ ಜೋಡಿಯಾಗಿ ವೈದ್ಯನಿಗೆ ಹೇಳಬೇಕಾದ ಮಾತೂ ಒಂದುಂಟು: ರೋಗಿ ಮುಚ್ಚಿಡದೆ ಹೇಳಿದ್ದನ್ನು ಮುಚ್ಚಿಡುವ ಹೊಣೆ ಕೇಳಿದವನದು. ಮೊದಲನೆಯ ಮಾತು ನಿಂತಿರುವುದು ಎರಡನೆಯದರ ಆಧಾರದ ಮೇಲೆಯೇ. ತನ್ನ ಗುಟ್ಟು ಬೀದಿಗೆ ಬಂದೀತೆಂಬ ಅಂಜಿಕೆ ಹುಟ್ಟಿದ ದಿನ ರೋಗಿ ಬಾಯಿ ಮುಚ್ಚುತ್ತಾನೆ. ಬಾಯಿ ಮುಚ್ಚಿದ ರೋಗಿಗೆ ಎಂಥ ಧನ್ವಂತರಿಯೂ ಸರಿಯಾದ ಔಷಧ ಕೊಡಲಾರ.

ಇದು ನಿನ್ನೆ ಮೊನ್ನೆ ಹುಟ್ಟಿದ ವಿಚಾರವಲ್ಲ. ಚರಕ ಸಂಹಿತೆಯ ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ, ಗುರುವು ಶಿಷ್ಯನನ್ನು ವೈದ್ಯವಿದ್ಯೆಗೆ ಸೇರಿಸಿಕೊಳ್ಳುವಾಗ ಅಗ್ನಿಸಾಕ್ಷಿಯಾಗಿ ಮಾಡುವ ಉಪದೇಶವಿದೆ. ರೋಗಿಯ ಮನೆಯನ್ನು ಹೇಗೆ ಪ್ರವೇಶಿಸಬೇಕು, ಒಳಹೊಕ್ಕ ಮೇಲೆ ಮನಸ್ಸನ್ನು ರೋಗಿಯ ಹಿತದಲ್ಲಲ್ಲದೆ ಬೇರೆಲ್ಲಿಯೂ ಹರಿಯಬಿಡಬಾರದು ಎಂದು ವಿವರಿಸಿ, ಆ ಮನೆಯೊಳಗಿನ ನಡವಳಿಕೆಗಳನ್ನು ಹೊರಗೆ ಹೇಳಕೂಡದೆಂದು ಅಲ್ಲಿ ವಿಧಿಸಲಾಗಿದೆ. ಗ್ರೀಸಿನ ಹಿಪ್ಪಾಕ್ರಟೀಸನ ಹೆಸರಿನ ಪ್ರತಿಜ್ಞೆಯಲ್ಲಿಯೂ ಇದೇ ಅಭಿಪ್ರಾಯದ ವಾಕ್ಯವುಂಟು. ಚಿಕಿತ್ಸೆಯ ವೇಳೆಯಲ್ಲಾಗಲಿ ಅದರ ಹೊರಗಾಗಲಿ ಕಂಡುಕೇಳಿದವುಗಳಲ್ಲಿ ಆಡಬಾರದ್ದನ್ನು ಪವಿತ್ರವಾದ ರಹಸ್ಯವೆಂದು ಕಾಪಾಡುವೆನೆಂದು ವೈದ್ಯನು ಅಲ್ಲಿ ಮಾತು ಕೊಡುತ್ತಾನೆ. ಒಬ್ಬರನ್ನೊಬ್ಬರು ಕಾಣದ ಎರಡು ನಾಡುಗಳ ವೈದ್ಯರು ಒಂದೇ ತೀರ್ಮಾನಕ್ಕೆ ಬಂದದ್ದು ಆಕಸ್ಮಿಕವಲ್ಲ. ವೃತ್ತಿಯ ಅನುಭವವೇ ಅವರಿಗೆ ಅದನ್ನು ಕಲಿಸಿರಬೇಕು.

ಆದರೆ ಚರಕನ ಶಿಷ್ಯನಿಗೆ ಇಲ್ಲದಿದ್ದ ಒಂದು ಆಸೆ ಇಂದಿನ ವಿದ್ಯಾರ್ಥಿಗೆ ಉಂಟು. ಅವನಿಗೆ ಬರೆಯಬೇಕೆನಿಸುತ್ತದೆ. ನಾನು ವೈದ್ಯ ಕಾಲೇಜೊಂದರಲ್ಲಿ ಬಹುಕಾಲ ಪಾಠ ಹೇಳಿದವನು. ವಾರ್ಷಿಕ ಸಂಚಿಕೆಗೆ ವಿದ್ಯಾರ್ಥಿಗಳು ಬರೆದುಕೊಟ್ಟ ಕನ್ನಡ ಲೇಖನಗಳನ್ನು ಓದಿ ಆರಿಸುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಹೊಸದಾಗಿ ವಾರ್ಡು ಕಂಡ ಇಪ್ಪತ್ತು ಇಪ್ಪತ್ತೊಂದರ ಹುಡುಗ ಹುಡುಗಿಯರು ತಮ್ಮ ಮೊದಲ ಹೆರಿಗೆ, ಮೊದಲ ಸಾವು, ಮೊದಲ ರಾತ್ರಿಪಾಳಿಗಳನ್ನು ಕುರಿತು ಬರೆದದ್ದನ್ನು ಓದುವಾಗ ಸಂತೋಷವೂ ಕಳವಳವೂ ಒಟ್ಟಿಗೇ ಆಗುತ್ತಿದ್ದವು. ಬರಹದಲ್ಲಿ ಜೀವವಿತ್ತೆಂದು ಸಂತೋಷ. ಆ ಜೀವ ಇನ್ನೊಬ್ಬರದೆಂದು ಕಳವಳ.

ವೈದ್ಯಶಿಕ್ಷಣದ ವೈಲಕ್ಷಣ್ಯವೇ ಇದು. ಎಂಜಿನಿಯರು ಕಬ್ಬಿಣದ ಮೇಲೆ ಕಲಿಯುತ್ತಾನೆ, ಬಡಗಿ ಮರದ ಮೇಲೆ. ವೈದ್ಯನು ಮನುಷ್ಯನ ಮೇಲೆ ಕಲಿಯಬೇಕು. ಮೊದಲ ವರ್ಷ ಅಂಗರಚನಾಶಾಸ್ತ್ರದ ಕೊಠಡಿಯಲ್ಲಿ ಅವನ ಮೊದಲ ಗುರು ಹೆಸರಿಲ್ಲದ ಒಂದು ಶವ. ಮುಂದೆ ವಾರ್ಡಿಗೆ ಕಾಲಿಟ್ಟಾಗ ಒಂದು ಮಂಚದ ಸುತ್ತ ಹತ್ತು ಹನ್ನೆರಡು ಮಂದಿ ನಿಂತು ಒಂದೇ ಹೊಟ್ಟೆಯನ್ನು ಮುಟ್ಟಿ ನೋಡಿ ಕಲಿಯುತ್ತಾರೆ. ಆದುದರಿಂದ ತಾನು ಕಲಿತ ಕಥೆಯನ್ನು ವಿದ್ಯಾರ್ಥಿಯು ರೋಗಿಯನ್ನು ಬಿಟ್ಟು ಹೇಳಲಾರ. ಸೂಜಿ ಚುಚ್ಚಲು ತನಗೆ ಕೈ ನಡುಗಿತೆಂದು ಬರೆಯಬೇಕಾದರೆ ಯಾರ ತೋಳಿಗೆ ಚುಚ್ಚಿದನೆಂಬುದು ಬಂದೇ ಬರುತ್ತದೆ.

ಹಾಗಾದರೆ ಬರೆಯುವುದೇ ಬೇಡವೆನ್ನೋಣವೆ? ಹಾಗೆಂದವರು ಸಾಹಿತ್ಯಕ್ಕೂ ವೈದ್ಯಕ್ಕೂ ನಷ್ಟ ತಂದಾರು. ಸಾಮರ್‌ಸೆಟ್ ಮಾಮ್ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ವಿದ್ಯಾರ್ಥಿಯಾಗಿದ್ದಾಗ ಲ್ಯಾಂಬೆತ್ ಎಂಬ ಬಡವರ ಮೊಹಲ್ಲಾದಲ್ಲಿ ಮನೆಮನೆಗೆ ಹೋಗಿ ಹೆರಿಗೆ ಮಾಡಿಸಬೇಕಾಗಿತ್ತು. ಅಂಥ 63 ಹೆರಿಗೆಗಳಿಗೆ ಹಾಜರಿದ್ದೆನೆಂದು ಅವನೇ ಹೇಳಿಕೊಂಡಿದ್ದಾನೆ. ಅಲ್ಲಿ ಕಂಡ ಬದುಕಿನಿಂದಲೇ 1897ರಲ್ಲಿ ಅವನ ಮೊದಲ ಕಾದಂಬರಿ ಹುಟ್ಟಿತು. ರಷ್ಯದ ಮಿಖಾಯಿಲ್ ಬುಲ್ಗಾಕೋವ್ 1916ರಲ್ಲಿ ಕೀವ್ ನಗರದಲ್ಲಿ ವೈದ್ಯ ಪದವಿ ಪಡೆದವನೇ ಸ್ಮಾಲೆನ್ಸ್ಕ್ ಪ್ರಾಂತದ ನಿಕೋಲ್ಸ್ಕೊಯೆ ಎಂಬ ಹಳ್ಳಿಯ ಆಸ್ಪತ್ರೆಗೆ ಹೋದ. ಅಲ್ಲಿಯ ಅನುಭವದಿಂದ ಹುಟ್ಟಿದ ಕಥೆಗಳನ್ನು 1925-26ರಲ್ಲಿ ವೈದ್ಯ ನೌಕರರ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಶೆಮ್ ಎಂಬ ಕಾವ್ಯನಾಮದಿಂದ ಮನೋವೈದ್ಯ ಸ್ಟೀಫನ್ ಬರ್ಗ್‌ಮನ್ 1978ರಲ್ಲಿ ಪ್ರಕಟಿಸಿದ ‘ಹೌಸ್ ಆಫ್ ಗಾಡ್’ ಕಾದಂಬರಿ, ನಿದ್ದೆಗೆಟ್ಟು ದುಡಿಯುವ ಕಿರಿಯ ವೈದ್ಯರ ಮನಸ್ಸು ಹೇಗೆ ಕಲ್ಲಾಗುತ್ತದೆಂಬುದನ್ನು ಲೋಕಕ್ಕೆ ತೋರಿಸಿತು. ನಮ್ಮಲ್ಲಿಯೂ ಈ ಪರಂಪರೆಗೆ ಕೊರತೆಯಿಲ್ಲ. ‘ಕೊರವಂಜಿ’ಯ ರಾಶಿ, ಎಂದರೆ ಡಾ. ಎಂ. ಶಿವರಾಂ, ವೈದ್ಯರಾಗಿದ್ದುಕೊಂಡೇ ಕನ್ನಡಿಗರನ್ನು ನಗಿಸಿದರು. ಮನಸ್ಸಿನ ವ್ಯಾಪಾರಗಳನ್ನು ಕುರಿತ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಡಾ. ಅನುಪಮಾ ನಿರಂಜನ ಅವರು ಕಾದಂಬರಿಗಳನ್ನೂ ಹೆಣ್ಣುಮಕ್ಕಳ ಆರೋಗ್ಯವನ್ನು ಕುರಿತ ಪುಸ್ತಕಗಳನ್ನೂ ಒಂದೇ ಕೈಯಿಂದ ಬರೆದರು. ಬಾಯಿಬಿಟ್ಟು ಕೇಳಲಾಗದ ಪ್ರಶ್ನೆಗಳಿಗೆ ಎಷ್ಟೋ ಮನೆಗಳ ಸೊಸೆಯಂದಿರು ಆ ಪುಟಗಳಲ್ಲಿ ಉತ್ತರ ಕಂಡುಕೊಂಡರು. ವೈದ್ಯರು ಬರೆಯದಿದ್ದರೆ ಇವಾವುವೂ ಇರುತ್ತಿರಲಿಲ್ಲ.

ಆದ್ದರಿಂದ ಬರೆಯಬೇಕೆ ಎಂಬ ಪ್ರಶ್ನೆಯನ್ನು ಬಿಟ್ಟು, ಹೇಗೆ ಬರೆಯಬೇಕು ಎಂಬುದನ್ನು ವಿಚಾರ ಮಾಡೋಣ. ಇಲ್ಲಿ ಕನ್ನಡದಲ್ಲಿ ಬರೆಯುವವನಿಗೆ ಮಾತ್ರ ಎದುರಾಗುವ ಒಂದು ಸಂಗತಿ ಇದೆ. ನಮ್ಮ ಆಸ್ಪತ್ರೆಗಳಲ್ಲಿ ಗೋಪ್ಯವನ್ನು ಕಾಪಾಡುವ ಗೋಡೆಗಳು ಕಡಿಮೆ. ದೊಡ್ಡ ಸರಕಾರಿ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮಂಚಕ್ಕೂ ಮಂಚಕ್ಕೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟೇ ಜಾಗ. ಪಕ್ಕದ ರೋಗಿಯ ಅತ್ತೆ, ಎದುರು ರೋಗಿಯ ಭಾವ, ಎಲ್ಲರೂ ಕಿವಿ ತೆರೆದುಕೊಂಡೇ ಕುಳಿತಿರುತ್ತಾರೆ. ಅಲ್ಲಿರುವ ಒಂದೇ ತೆರೆ ಇಂಗ್ಲಿಷ್ ಭಾಷೆ. ಪ್ರಾಧ್ಯಾಪಕರು ಇಂಗ್ಲಿಷಿನಲ್ಲಿ ಕೇಳುತ್ತಾರೆ, ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಒಪ್ಪಿಸುತ್ತಾನೆ. ಮಂಚದ ಮೇಲೆ ಮಲಗಿದವಳಿಗೆ ತನ್ನ ಬಗ್ಗೆಯೇ ಏನೋ ನಡೆಯುತ್ತಿದೆಯೆಂದು ಮಾತ್ರ ತಿಳಿಯುತ್ತದೆ. ಈ ತೆರೆ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಅದು ರೋಗಿಯನ್ನು ನೆರೆಯವರಿಂದ ಮರೆಮಾಡುವಂತೆಯೇ ಅವಳ ರೋಗವನ್ನು ಅವಳಿಂದಲೂ ಮರೆಮಾಡುತ್ತದೆ. ಭಾಷೆಯನ್ನು ಹೀಗೆ ಪರದೆಯಾಗಿ ಬಳಸುವುದು ಹಳೆಯ ಉಪಾಯ. 1886ರಲ್ಲಿ ಕ್ರಾಫ್ಟ್-ಎಬಿಂಗ್ ಎಂಬ ಮನೋವೈದ್ಯ ಕಾಮವಿಕಾರಗಳನ್ನು ಕುರಿತು ಗ್ರಂಥ ಬರೆದಾಗ, ಸಾಮಾನ್ಯ ಓದುಗರ ಕೈಗೆ ನಿಲುಕದಿರಲೆಂದು ಸಂಕೋಚದ ಭಾಗಗಳನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದಿದ್ದ.

ವಿದ್ಯಾರ್ಥಿಯು ತಾನು ಕಂಡದ್ದನ್ನು ಕನ್ನಡದಲ್ಲಿ ಬರೆದ ಕೂಡಲೇ ಈ ತೆರೆ ಸರಿಯುತ್ತದೆ. ಇಂಗ್ಲಿಷಿನ ವೈದ್ಯ ಪತ್ರಿಕೆಯಲ್ಲಿ ಅಚ್ಚಾದದ್ದನ್ನು ರೋಗಿಯ ಊರಿನವರು ಓದುವ ಸಂಭವ ಕಡಿಮೆ. ಕನ್ನಡದ ವಾರಪತ್ರಿಕೆಯು ಅದೇ ಊರಿನ ಗ್ರಂಥಾಲಯದ ಮೇಜಿನ ಮೇಲೆ, ಕ್ಷೌರದಂಗಡಿಯ ಬೆಂಚಿನ ಮೇಲೆ, ಬಸ್ ನಿಲ್ದಾಣದ ಗೂಡಂಗಡಿಯಲ್ಲಿ ಇರುತ್ತದೆ. ರೋಗಿಯೇ ಓದಬಹುದು, ಅವಳಿಗೆ ಓದು ಬಾರದಿದ್ದರೆ ಶಾಲೆಗೆ ಹೋಗುವ ಮಗ ಓದಿ ಹೇಳಬಹುದು. ಆದ್ದರಿಂದ ಕನ್ನಡದಲ್ಲಿ ವೈದ್ಯಾನುಭವ ಬರೆಯುವವನು ಇಂಗ್ಲಿಷಿನಲ್ಲಿ ಬರೆಯುವವನಿಗಿಂತ ಹೆಚ್ಚು ಎಚ್ಚರದಿಂದಿರಬೇಕಾಗುತ್ತದೆ. ಕನ್ನಡದಲ್ಲಿ ಬರೆಯಬೇಡಿರೆಂದು ಇದರ ಅರ್ಥವಲ್ಲ. ತನ್ನ ಬಗೆಗಿನ ಮಾತು ತನಗೆ ತಿಳಿಯುವ ಭಾಷೆಯಲ್ಲಿ ನಡೆಯಬೇಕೆಂಬುದು ರೋಗಿಯ ಹಕ್ಕೇ ಹೌದು. ಓದುವವರ ನಡುವೆ ಅವಳೂ ಕುಳಿತಿದ್ದಾಳೆಂಬುದನ್ನು ಬರೆಯುವವನು ಮರೆಯಬಾರದು, ಅಷ್ಟೆ.

ಹೆಸರು ಬದಲಾಯಿಸಿದರೆ ಸಾಲದೆ, ಎಂದು ಅನೇಕರು ಕೇಳುತ್ತಾರೆ. ಸಾಲದೆಂಬುದಕ್ಕೆ ಚರಿತ್ರೆಯಲ್ಲಿ ಪ್ರಸಿದ್ಧ ನಿದರ್ಶನಗಳಿವೆ. 1895ರಲ್ಲಿ ವಿಯೆನ್ನಾದ ಬ್ರಾಯರ್ ಮತ್ತು ಫ್ರಾಯ್ಡ್ ಇಬ್ಬರೂ ಸೇರಿ ಉನ್ಮಾದ ರೋಗವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ‘ಅನ್ನಾ ಓ.’ ಎಂಬ ತರುಣಿಯ ವೃತ್ತಾಂತವಿದೆ. ಅವಳ ನಿಜವಾದ ಹೆಸರು ಬರ್ತಾ ಪಾಪೆನ್‌ಹೈಮ್. ಅವರ ವರ್ಣಮಾಲೆಯಲ್ಲಿ ಅವಳ ಎರಡು ಆದ್ಯಕ್ಷರಗಳ ಹಿಂದಿನ ಒಂದೊಂದು ಅಕ್ಷರವನ್ನು ತೆಗೆದುಕೊಂಡರೆ ‘ಎ’ ಮತ್ತು ‘ಓ’ ದೊರೆಯುತ್ತವೆ. ಮುಸುಕಿನ ದಪ್ಪ ಇಷ್ಟೇ, ಒಂದಕ್ಷರ! ಆಕೆ ಮುಂದೆ ಜರ್ಮನಿಯಲ್ಲಿ ಯೆಹೂದಿ ಸ್ತ್ರೀಯರ ಒಕ್ಕೂಟವನ್ನು 1904ರಲ್ಲಿ ಸ್ಥಾಪಿಸಿ ಅನಾಥ ಹೆಣ್ಣುಮಕ್ಕಳಿಗಾಗಿ ದುಡಿದು 1936ರಲ್ಲಿ ತೀರಿಕೊಂಡಳು. ಹದಿನೇಳು ವರ್ಷಗಳ ತರುವಾಯ, 1953ರಲ್ಲಿ, ಫ್ರಾಯ್ಡನ ಜೀವನಚರಿತ್ರೆ ಬರೆದ ಅರ್ನೆಸ್ಟ್ ಜೋನ್ಸ್ ಅನ್ನಾ ಓ. ಎಂದರೆ ಈಕೆಯೇ ಎಂದು ಹೆಸರಿಟ್ಟು ಹೇಳಿದ. ಮರುವರ್ಷ ಪಶ್ಚಿಮ ಜರ್ಮನಿ ಆಕೆಯ ಸಮಾಜಸೇವೆಯನ್ನು ಗೌರವಿಸಿ ಅಂಚೆಚೀಟಿ ಹೊರತಂದಿತು. ಆದರೆ ಇಂದು ಲೋಕದಲ್ಲಿ ಬಹುಮಂದಿಗೆ ಆಕೆ ಗೊತ್ತಿರುವುದು ಆ ಸೇವೆಯಿಂದಲ್ಲ, ತಾರುಣ್ಯದಲ್ಲಿ ಎರಡು ವರ್ಷ ಅನುಭವಿಸಿದ ಕಾಯಿಲೆಯಿಂದ.

ಫ್ರಾಯ್ಡ್ ಈ ವಿಷಯದಲ್ಲಿ ಅಲಕ್ಷ್ಯದ ಮನುಷ್ಯನಾಗಿರಲಿಲ್ಲ. 1900ರ ಕೊನೆಯಲ್ಲಿ ತನ್ನಲ್ಲಿಗೆ ಬಂದು ಹನ್ನೊಂದು ವಾರಗಳಲ್ಲಿ ಚಿಕಿತ್ಸೆ ಬಿಟ್ಟುಹೋದ 18ರ ಹುಡುಗಿಯೊಬ್ಬಳ ವೃತ್ತಾಂತವನ್ನು ಪ್ರಕಟಿಸಲು ಅವನು 1905ರವರೆಗೆ ಕಾದ. ಅವಳ ಬದುಕಿನ ಘಟನೆಗಳು ವಿಯೆನ್ನಾದಲ್ಲಿ ನಡೆದವಲ್ಲ, ಹೆಸರುಗಳನ್ನೆಲ್ಲ ಬಿಟ್ಟಿದ್ದೇನೆ, ಶುದ್ಧ ಶಾಸ್ತ್ರೀಯ ಪತ್ರಿಕೆಗೆ ಕೊಟ್ಟಿದ್ದೇನೆ ಎಂದು ಮುನ್ನುಡಿಯಲ್ಲಿ ಸಮಾಧಾನ ಹೇಳಿದ. ಆದರೂ ಅವಳ ಕೈಗೇ ಇದು ಸಿಕ್ಕರೆ ನೋವಾದೀತೆಂದು ಒಪ್ಪಿಕೊಂಡ. ಅವಳಿಗೆ ಅವನಿಟ್ಟ ಹೆಸರು ‘ಡೋರಾ’. ಆ ಹೆಸರು ಹೇಗೆ ಹೊಳೆಯಿತೆಂದು ಅವನೇ ಬೇರೆಡೆ ಬರೆದಿದ್ದಾನೆ. ಅವನ ತಂಗಿಯ ಮನೆಯ ದಾದಿಯ ಹೆಸರು ರೋಸಾ. ಯಜಮಾನಿಯ ಹೆಸರೂ ಅದೇ ಆದದ್ದರಿಂದ ಆ ಬಡವಿ ತನ್ನ ಹೆಸರನ್ನು ಬಿಟ್ಟು ಡೋರಾ ಆಗಬೇಕಾಯಿತು. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳಲಾರದವಳ ಹೆಸರು, ತನ್ನ ಕಥೆಯನ್ನು ತಾನೇ ಹೇಳಲಾರದವಳಿಗೆ ಬಂದಿತು. ಇಷ್ಟೆಲ್ಲ ಎಚ್ಚರವಿದ್ದೂ, ಫೆಲಿಕ್ಸ್ ಡಾಯ್ಚ್ ಎಂಬ ವೈದ್ಯ 1922ರಲ್ಲಿ ತಾನು ಕಂಡ ರೋಗಿಯೊಬ್ಬಳು ಅದೇ ಡೋರಾ ಎಂದು, ಅವಳ ಮರಣಾನಂತರ 1957ರಲ್ಲಿ ಬರೆದ. ತನ್ನ ಪ್ರಸಿದ್ಧಿಯನ್ನು ಅವಳು ಹೆಮ್ಮೆಯಿಂದ ಹೇಳಿಕೊಂಡಳೆಂದು ಅವನ ಹೇಳಿಕೆ. ಇದ್ದರೂ ಇರಬಹುದು. ಆದರೆ ಆ ಹೆಮ್ಮೆಯ ಮಾತೂ ನಮಗೆ ತಲುಪಿರುವುದು ಇನ್ನೊಬ್ಬ ವೈದ್ಯನ ಲೇಖನಿಯಿಂದಲೇ.

ಕಥೆಗಾರರಿಗೂ ಈ ತೊಡಕು ತಪ್ಪಿದ್ದಲ್ಲ. ವೈದ್ಯನೂ ಕಥೆಗಾರನೂ ಆದ ಚೆಕೋವ್ 1892ರಲ್ಲಿ ವೈದ್ಯನೊಬ್ಬನ ಚಂಚಲೆಯಾದ ಹೆಂಡತಿ ಮತ್ತು ಒಬ್ಬ ಚಿತ್ರಕಾರನನ್ನು ಕುರಿತು ಕಥೆ ಬರೆದ. ಅದರಲ್ಲಿ ತನ್ನನ್ನು ಗುರುತಿಸಿಕೊಂಡ ಗೆಳೆಯ, ಚಿತ್ರಕಾರ ಲೆವಿತಾನ್, ಸುಮಾರು ಮೂರು ವರ್ಷ ಅವನೊಡನೆ ಮಾತು ಬಿಟ್ಟ. ತನ್ನ ನಾಯಕಿ 20ರವಳು, ದೂರುತ್ತಿರುವ ಪರಿಚಿತೆ 42ರವಳು, ಹೇಗೆ ಅವಳೇ ಇವಳಾದಾಳೆಂದು ಚೆಕೋವ್ ವಾದಿಸಿದ. ವಾದ ಸರಿ, ಆದರೆ ಮನೆಯ ಅಲಂಕಾರ, ಗೆಳೆಯರ ಕೂಟ, ಗಂಡನ ವೃತ್ತಿ ಇವೆಲ್ಲ ಹಾಗೆಯೇ ಉಳಿದಿದ್ದರೆ ವಯಸ್ಸೊಂದು ಬದಲಾಗಿ ಏನು ಪ್ರಯೋಜನ?

ಗುರುತು ಹತ್ತುವ ಬಗೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಇಲ್ಲಿ ನಾನು ಕಂಡ ಒಬ್ಬ ರೋಗಿಯ ಕಥೆ ಹೇಳಿದರೆ ಕೇಳಲು ಸ್ವಾರಸ್ಯವಾದೀತು. ಈ ಭಾಷಣದಲ್ಲಿ ಅದು ಸಲ್ಲದು. ಕಲ್ಪನೆಯ ಉದಾಹರಣೆ ಸಾಕು. ಒಬ್ಬ ವಿದ್ಯಾರ್ಥಿ ಹೀಗೆ ಬರೆದನೆನ್ನಿ: ದೀಪಾವಳಿಯ ಮರುದಿನ ಮಲೆನಾಡಿನ ಒಂದು ಸಣ್ಣ ಪಟ್ಟಣದಿಂದ, ಗಡಿಯಾರ ದುರಸ್ತಿ ಮಾಡುವವನ ಮಗಳು, ಕಮಲಾ ಎಂದಿಟ್ಟುಕೊಳ್ಳಿ, ಟೈಪಿಂಗ್ ಕಲಿಯುತ್ತಿದ್ದವಳು, ವಿಷ ಕುಡಿದು ಬಂದಳು. ಬದುಕಿಕೊಂಡಳು. ಅವಳು ಬಸಿರಿಯೆಂಬುದು ವೈದ್ಯರಿಗೆ ಮಾತ್ರ ತಿಳಿದಿತ್ತು. ಹುಡುಗಿಯ ಹೆಸರು ಬೇರೆ ಎಂದು ಲೇಖಕನಿಗೆ ಸಮಾಧಾನ. ಆದರೆ ಓದುಗ ಸೇರಿಸಿ ನೋಡುವುದು ಹೆಸರನ್ನಲ್ಲ. ಪಟ್ಟಣಗಳು ಹಲವಿರಬಹುದು, ಗಡಿಯಾರದಂಗಡಿ ಪಟ್ಟಣಕ್ಕೆ ಒಂದೋ ಎರಡೋ. ಅವರಲ್ಲಿ ಆ ವಯಸ್ಸಿನ ಮಗಳಿರುವವನು ಒಬ್ಬ. ಹಬ್ಬದ ಮರುದಿನ ಮುಂಜಾನೆ ಆ ಮನೆಯ ಮುಂದೆ ಕಾರು ನಿಂತದ್ದನ್ನು ಕಂಡವರು ಹತ್ತು ಮಂದಿ. ಬೇರೆ ಬೇರೆಯಾಗಿ ಯಾವ ವಿವರವೂ ಯಾರನ್ನೂ ತೋರಿಸುವುದಿಲ್ಲ. ಒಟ್ಟು ಸೇರಿದಾಗ ಅವು ಒಬ್ಬಳೇ ಹುಡುಗಿಯ ಕಡೆಗೆ ಬೆರಳು ಮಾಡುತ್ತವೆ. ಆ ಊರಿನವರಿಗೆ ಅದುವರೆಗೆ ಗೊತ್ತಿದ್ದದ್ದು ವಿಷದ ಸಂಗತಿ ಮಾತ್ರ. ಗೊತ್ತಿಲ್ಲದಿದ್ದ ಬಸಿರಿನ ಸಂಗತಿಯನ್ನು ಲೇಖನ ಅವರಿಗೆ ಒದಗಿಸಿತು. ಆಸ್ಪತ್ರೆ ಉಳಿಸಿಕೊಟ್ಟ ಜೀವವನ್ನು ಲೇಖನ ಮತ್ತೆ ಅದೇ ಬಾವಿಯ ಕಟ್ಟೆಗೆ ತಂದು ನಿಲ್ಲಿಸಬಹುದು. ಇಂಥಲ್ಲಿ ಪಣಕ್ಕೆ ಬಿದ್ದಿರುವುದು ರೋಗಿಯ ಮರ್ಯಾದೆ ಮಾತ್ರವಲ್ಲ.

ನಮ್ಮ ಸಮಾಜದಲ್ಲಿ ಮನುಷ್ಯನನ್ನು ಗುರುತಿಸುವ ಚಿಹ್ನೆಗಳು ಹೆಸರಿಗಿಂತ ಬಲವಾದವು. ಊರು, ಕೇರಿ, ಜಾತಿ, ಮನೆತನ, ಕಸುಬು, ಆಡುಮಾತಿನ ವೈಖರಿ, ಇವುಗಳಲ್ಲಿ ಮೂರು ಸಿಕ್ಕರೆ ನಮ್ಮವರು ನಾಲ್ಕನೆಯದನ್ನು ತಾವೇ ಹೇಳಿಬಿಡುತ್ತಾರೆ. ವಿಚಿತ್ರವೆಂದರೆ, ಈ ವಿವರಗಳನ್ನು ಒಂದೂ ಬಿಡದೆ ಸಂಗ್ರಹಿಸಬೇಕೆಂದೇ ನಾವು ವಿದ್ಯಾರ್ಥಿಗೆ ಕಲಿಸುತ್ತೇವೆ. ರೋಗಿಯ ವೃತ್ತಾಂತ ಬರೆದುಕೊಳ್ಳುವಾಗ ವಯಸ್ಸು, ಊರು, ಕಸುಬು, ಸಂಸಾರ, ಕುಡಿತ ಹೊಗೆಸೊಪ್ಪುಗಳ ಅಭ್ಯಾಸ, ಹೆಣ್ಣಾದರೆ ಮುಟ್ಟು, ಬಸಿರು, ಬಾಣಂತನ, ಯಾವುದನ್ನು ಬಿಟ್ಟರೂ ಪರೀಕ್ಷೆಯಲ್ಲಿ ಅಂಕ ಕಳೆಯುತ್ತೇವೆ. ಸಾಹಿತ್ಯದ ಮೇಷ್ಟರೂ ವಿವರವೇ ಬರಹದ ಪ್ರಾಣವೆಂದು ಹೇಳಿಕೊಡುತ್ತಾರೆ. ಇಬ್ಬರು ಗುರುಗಳೂ ಕೂಡಿಸುವುದನ್ನು ಕಲಿಸಿದ ಮೇಲೆ, ಬಿಡುವುದನ್ನು ಕಲಿಸುವವರು ಯಾರು?

ರೋಗಿ ತೀರಿಕೊಂಡರೆ ಈ ಕಟ್ಟು ಸಡಿಲವಾಗುವುದೆ? ವಿನ್ಸ್ಟನ್ ಚರ್ಚಿಲ್ 1965ರಲ್ಲಿ ನಿಧನರಾದರು. ಅವರ ವೈದ್ಯ ಲಾರ್ಡ್ ಮೊರಾನ್ 1966ರಲ್ಲಿಯೇ ಅವರ ಕಾಯಿಲೆಗಳನ್ನೆಲ್ಲ ವಿವರಿಸುವ ಗ್ರಂಥ ಪ್ರಕಟಿಸಿದರು. ಮನೆಯವರು ನೊಂದರು, ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆ ಖಂಡಿಸಿತು. ಫ್ರಾನ್ಸಿನ ಅಧ್ಯಕ್ಷ ಮಿತ್ತರಾಂ 1996ರ ಜನವರಿಯಲ್ಲಿ ತೀರಿಕೊಂಡ ಕೆಲವೇ ದಿನಗಳಲ್ಲಿ ಅವರ ವೈದ್ಯ ಗ್ಯೂಬ್ಲೇ ಅವರ ಪುಸ್ತಕ ಹೊರಬಿದ್ದು, ಮಾರನೆಯ ದಿನವೇ ನ್ಯಾಯಾಲಯ ಅದನ್ನು ತಡೆಯಿತು. ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2004ರಲ್ಲಿ ಕೊಟ್ಟ ತೀರ್ಪು ವಿವೇಚನೆಯದು: ದುಃಖ ಹಸಿಯಾಗಿದ್ದಾಗ ತಡೆದದ್ದು ಸರಿ, ಕಾಲ ಸರಿದ ಮೇಲೆಯೂ ಆ ತಡೆಯನ್ನು ಶಾಶ್ವತವಾಗಿಸಿದ್ದು ಸರಿಯಲ್ಲ. ಆಳುವವರ ಆರೋಗ್ಯ ಪ್ರಜೆಗಳಿಗೂ ಸಂಬಂಧಿಸಿದ್ದು ಎಂಬ ವಾದಕ್ಕೆ ಅಲ್ಲಿ ಎಡೆಯಿತ್ತು. ವಾರ್ಡಿನ ಬಡ ರೋಗಿಯ ವಿಷಯದಲ್ಲಿ ಆ ವಾದಕ್ಕೂ ಎಡೆಯಿಲ್ಲ.

ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ 1951ರಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕರಿಯ ಹೆಣ್ಣುಮಗಳ ಗೆಡ್ಡೆಯಿಂದ ತೆಗೆದ ಜೀವಕೋಶಗಳು ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಅವಳನ್ನು ಕೇಳಿ ತೆಗೆದದ್ದಲ್ಲ. ಬಹುಕಾಲ ಅವಳ ಹೆಸರು ಹೆಲೆನ್ ಲೇನ್ ಎಂದು ಪ್ರಚಾರದಲ್ಲಿತ್ತು. 1971ರಲ್ಲಿ ನಿಜವಾದ ಹೆಸರು ಅಚ್ಚಾಯಿತು. 1985ರಲ್ಲಿ ಮನೆಯವರ ಅಪ್ಪಣೆಯಿಲ್ಲದೆ ಅವಳ ಚಿಕಿತ್ಸೆಯ ದಾಖಲೆಯ ಭಾಗಗಳೇ ಪುಸ್ತಕವೊಂದರಲ್ಲಿ ಬಂದವು. ತಾಯಿ ಕೊನೆಯ ದಿನಗಳಲ್ಲಿ ಪಟ್ಟ ಯಾತನೆಯನ್ನು ಮಕ್ಕಳು ಹೀಗೆ ಅಚ್ಚಿನ ಪುಟದಲ್ಲಿ ಓದುವಂತಾಯಿತು. ಇದಕ್ಕೆ ವ್ಯತಿರಿಕ್ತವಾದ ನಿದರ್ಶನವೂ ಉಂಟು. 1953ರ ಶಸ್ತ್ರಚಿಕಿತ್ಸೆಯಿಂದ ಹೊಸ ನೆನಪನ್ನು ಇಟ್ಟುಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡ ಅಮೆರಿಕದ ಒಬ್ಬ ರೋಗಿಯನ್ನು ಕುರಿತು ಅಸಂಖ್ಯಾತ ಲೇಖನಗಳು ಬಂದವು. ಎಲ್ಲದರಲ್ಲಿಯೂ ಅವನು ‘ಎಚ್.ಎಂ.’ ಮಾತ್ರ. 2008ರಲ್ಲಿ ಅವನು ತೀರಿಕೊಂಡ ಮೇಲೆಯೇ ಹೆನ್ರಿ ಮೊಲೈಸನ್ ಎಂಬ ಹೆಸರು ಹೊರಬಂದಿತು. ಅರ್ಧ ಶತಮಾನ ನೂರಾರು ವಿಜ್ಞಾನಿಗಳು ಒಂದು ಹೆಸರನ್ನು ಕಾಪಾಡಬಲ್ಲವರಾದರೆ, ಮನಸ್ಸಿದ್ದಲ್ಲಿ ಇದು ಆಗದ ಕೆಲಸವೇನೂ ಅಲ್ಲ.

ಮುಸುಕು ಯಾರ ಮುಖಕ್ಕೆ ಎಂಬುದನ್ನೂ ಕೇಳಿಕೊಳ್ಳಬೇಕು. 1988ರ ಜನವರಿಯಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆ ಒಂದು ಪುಟ್ಟ ಬರಹವನ್ನು ಪ್ರಕಟಿಸಿತು. ತರಬೇತಿಯಲ್ಲಿದ್ದ ಕಿರಿಯ ವೈದ್ಯನೊಬ್ಬ, ರಾತ್ರಿಪಾಳಿಯಲ್ಲಿ ತಾನು ಹಿಂದೆಂದೂ ಕಾಣದಿದ್ದ, ಕ್ಯಾನ್ಸರಿನಿಂದ ಸಾಯುತ್ತಿದ್ದ 20ರ ತರುಣಿಗೆ ಮಾರ್ಫಿನ್ ಕೊಟ್ಟು ಬದುಕು ಮುಗಿಸಿದ ವೃತ್ತಾಂತ ಅದು. ರೋಗಿಗೆ ಡೆಬಿ ಎಂಬ ಹೆಸರಿತ್ತು; ಲೇಖಕನ ಹೆಸರು ಮಾತ್ರ ಇರಲಿಲ್ಲ. ಷಿಕಾಗೋದ ಸರಕಾರಿ ವಕೀಲರು ಲೇಖಕನಾರೆಂದು ತಿಳಿಸುವಂತೆ ಒತ್ತಾಯಿಸಿದರೂ ಪತ್ರಿಕೆ ಒಪ್ಪಲಿಲ್ಲ. ನ್ಯಾಯಾಲಯವೂ ಪತ್ರಿಕೆಯ ಪರವಾಗಿಯೇ ನಿಂತಿತು. ಆ ಕೃತ್ಯದ ಸರಿತಪ್ಪುಗಳು ಬೇರೆ ಮಾತು. ಇಲ್ಲಿ ನಾವು ಗಮನಿಸಬೇಕಾದದ್ದು ಲೇಖಕನ ಗುಟ್ಟನ್ನು ಕಾಪಾಡಲು ಒಂದು ದೊಡ್ಡ ಸಂಸ್ಥೆಯೇ ಟೊಂಕ ಕಟ್ಟಿ ನಿಂತಿತೆಂಬುದನ್ನು. ರೋಗಿಯ ಗುಟ್ಟಿನ ಬೆನ್ನಿಗೆ ಅಂಥ ಸಂಸ್ಥೆಯಿಲ್ಲ; ಬರೆಯುವವನ ಅಂತಃಸಾಕ್ಷಿಯೇ ಅವಳ ವಕೀಲ.

ಕಾನೂನು ಏನನ್ನುತ್ತದೆ? ಜಗತ್ತಿನ ಪ್ರಮುಖ ವೈದ್ಯ ಪತ್ರಿಕೆಗಳ ಸಂಪಾದಕರ ಸಮಿತಿ 1995ರಲ್ಲಿ, ಗುರುತು ಹತ್ತುವ ವಿವರವನ್ನು ರೋಗಿಯ ಲಿಖಿತ ಒಪ್ಪಿಗೆಯಿಲ್ಲದೆ ಪ್ರಕಟಿಸಕೂಡದೆಂದೂ, ಗುರುತು ಮರೆಸಲೆಂದು ಶಾಸ್ತ್ರೀಯ ವಿವರವನ್ನು ತಿದ್ದಿ ಸುಳ್ಳು ಮಾಡಕೂಡದೆಂದೂ ಸಾರಿತು. ಭಾವಚಿತ್ರದಲ್ಲಿ ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಲದೆಂದೂ ಆ ಸಮಿತಿಯ ನಿಯಮಗಳು ಹೇಳುತ್ತವೆ. ಹಳೆಯ ಪಠ್ಯಪುಸ್ತಕಗಳನ್ನು ಕಂಡವರಿಗೆ ಆ ಪಟ್ಟಿಯ ನೆನಪಿರುತ್ತದೆ. ನಮ್ಮ ದೇಶದಲ್ಲಿ ವೈದ್ಯರ ನಡವಳಿಕೆಯನ್ನು ಕುರಿತ 2002ರ ನಿಯಮಾವಳಿಯ ಪ್ರಕಾರ, ಗುರುತು ಹತ್ತುವಂತೆ ರೋಗಿಯ ಚಿತ್ರವನ್ನಾಗಲಿ ವೃತ್ತಾಂತವನ್ನಾಗಲಿ ಅಪ್ಪಣೆಯಿಲ್ಲದೆ ವೈದ್ಯ ಪತ್ರಿಕೆಯಲ್ಲಿಯೇ ಆಗಲಿ ಬೇರೆ ಪತ್ರಿಕೆಯಲ್ಲಿಯೇ ಆಗಲಿ ಪ್ರಕಟಿಸುವುದು ದುರ್ನಡತೆ. ಗುರುತು ಹತ್ತದಿದ್ದರೆ ಒಪ್ಪಿಗೆ ಬೇಕಿಲ್ಲವೆಂದೂ ಅಲ್ಲಿಯೇ ಇದೆ. ಹತ್ತುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸುವವನು ಬರೆದವನೇ ಆಗಿರುವುದು ಇದರ ದೌರ್ಬಲ್ಯ. 2017ರ ಮಾನಸಿಕ ಆರೋಗ್ಯ ಕಾಯಿದೆ ಮತ್ತು ಅದೇ ವರ್ಷದ ಎಚ್.ಐ.ವಿ. ಕಾಯಿದೆಗಳು ಆಯಾ ರೋಗಿಗಳ ಗುಟ್ಟಿಗೆ ವಿಶೇಷ ರಕ್ಷಣೆ ಕೊಟ್ಟಿವೆ. ಅದೇ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಘೋಷಿಸಿತು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದನ್ನು ಕನ್ನಡಿಗರು ನೆನೆಯಬೇಕು.

ಒಪ್ಪಿಗೆಯೆಂದಾಗ ಕಾಗದ ಮತ್ತು ಹೆಬ್ಬೆಟ್ಟು ನೆನಪಾಗುತ್ತವೆ. ಬಿಳಿಯ ಕೋಟು ಧರಿಸಿದವನು ಮಂಚದ ಪಕ್ಕ ನಿಂತು, ನಿಮ್ಮ ವಿಷಯ ಬರೆಯಲೆ ಎಂದರೆ, ಬೇಡವೆನ್ನುವ ಧೈರ್ಯ ಎಷ್ಟು ರೋಗಿಗಳಿಗಿದ್ದೀತು? ಬೇಡವೆಂದರೆ ನಾಳೆಯ ಔಷಧ ತಪ್ಪೀತೇನೋ ಎಂಬ ಶಂಕೆ ಅವರದು. ಆದ್ದರಿಂದ ಮಲಗಿರುವಾಗ ಪಡೆದ ಒಪ್ಪಿಗೆಗೆ ಹೆಚ್ಚು ಬೆಲೆಯಿಲ್ಲ. ಗುಣವಾಗಿ ಮನೆಗೆ ಹೋದ ಮೇಲೆ, ಬರೆದದ್ದನ್ನು ಅವರ ಭಾಷೆಯಲ್ಲಿ ಪೂರ್ತಿ ಓದಿ ಹೇಳಿ, ಒಂದೆರಡು ದಿನ ಯೋಚಿಸಲು ಬಿಟ್ಟು ಪಡೆದದ್ದೇ ನಿಜವಾದ ಒಪ್ಪಿಗೆ. ಕಷ್ಟದ ಕೆಲಸವೆ? ಹೌದು. ಇನ್ನೊಬ್ಬರ ಬದುಕನ್ನು ಅಚ್ಚಿಗೆ ಕೊಡುವುದು ಸುಲಭವಾಗಿರಬೇಕೆಂದೇನೂ ಇಲ್ಲ.

ಒಪ್ಪಿಗೆ ದೊರೆಯದಾಗ ಬರಹಗಾರನಿಗೆ ಎರಡು ದಾರಿಗಳಿವೆ. ಒಂದು, ಕಥೆ. ಅಲ್ಲಿ ಹಲವು ರೋಗಿಗಳು ಬೆರೆತು ಯಾರೂ ಅಲ್ಲದ ಒಬ್ಬನಾಗಬಹುದು. ಆದರೆ ಆಗ ಅದನ್ನು ಕಥೆಯೆಂದೇ ಕರೆಯಬೇಕು. ತಿದ್ದಿದ ವಿವರಗಳನ್ನಿಟ್ಟುಕೊಂಡು ಇದು ನಡೆದದ್ದೇ ಎಂದು ಆಣೆಯಿಡುವುದು ಓದುಗನಿಗೆ ಬಗೆದ ದ್ರೋಹ. ಇನ್ನೊಂದು, ಬುಲ್ಗಾಕೋವ್ ತೋರಿಸಿದ ದಾರಿ. ಅವನು ಹಳ್ಳಿಯ ಹೆಸರನ್ನು ಬದಲಾಯಿಸಿದ. ಅದಕ್ಕಿಂತ ಮುಖ್ಯವಾಗಿ, ಬೆಳಕನ್ನು ವೈದ್ಯನ ಮೇಲೆ ಬೀಳಿಸಿದ. ಕಷ್ಟದ ಹೆರಿಗೆಯೊಂದರ ನಡುವೆ ತರುಣ ವೈದ್ಯ ಸಿಗರೇಟಿನ ನೆಪ ಹೇಳಿ ತನ್ನ ಕೊಠಡಿಗೆ ಓಡಿ ಪುಸ್ತಕ ತಿರುವಿಹಾಕುತ್ತಾನೆ. ಅಲ್ಲಿ ನಗೆಗೀಡಾಗುವವನು ಅವನೇ, ಹೆರುವ ಹೆಣ್ಣಲ್ಲ. ವೈದ್ಯಶಿಕ್ಷಣದ ಕಥೆ ಕಲಿಯುವವನ ಅಂಜಿಕೆ, ಅಜ್ಞಾನ, ಅಹಂಕಾರಗಳ ಕಥೆಯಾದರೆ ರೋಗಿಯ ಮನೆಯ ಬಾಗಿಲನ್ನು ಅಷ್ಟಾಗಿ ತೆರೆಯಬೇಕಾಗುವುದಿಲ್ಲ. ‘ಹೌಸ್ ಆಫ್ ಗಾಡ್’ ಓದುವಾಗ ನನಗೆ ಇರಿಸುಮುರಿಸಾಗುವುದು ವೃದ್ಧ ರೋಗಿಗಳಿಗೆ ಅಲ್ಲಿಯ ಕಿರಿಯ ವೈದ್ಯರು ಇಟ್ಟ ಹೀನಾಯದ ಅಡ್ಡಹೆಸರಿನಿಂದ. ಆ ಕ್ರೌರ್ಯವನ್ನು ಬಯಲಿಗೆಳೆಯುವುದೇ ಲೇಖಕನ ಉದ್ದೇಶವಾಗಿತ್ತು. ಆದರೂ ಆ ಪದವೇ ಎಷ್ಟೋ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿತು. ಯಾರೂ ಗುರುತು ಹಿಡಿಯದಿದ್ದರೂ ರೋಗಿಯನ್ನು ಅವಮಾನಿಸಬಹುದು ಎಂಬುದಕ್ಕೆ ಇದು ಸಾಕ್ಷಿ.

ಬರೆಯುವ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದ ಮಾತುಗಳು ಕೆಲವೇ. ಕಂಡ ದಿನವೇ ಅಚ್ಚ��ಗೆ ಕೊಡಬೇಡಿ. ಕಾಲವೇ ಅರ್ಧ ಮುಸುಕು. ಇಂದು ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಚಿತ್ರ ತೆಗೆದು ಊರಿಗೆಲ್ಲ ಹಂಚಬಹುದಾದ ಕಾಲದಲ್ಲಿ ಈ ಮಾತಿನ ಅಗತ್ಯ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ. ಪ್ರತಿಯೊಂದು ವಿವರವನ್ನೂ, ಇದು ಇಲ್ಲದಿದ್ದರೆ ಬರಹ ನಿಲ್ಲುವುದೆ ಎಂದು ಕೇಳಿ, ನಿಲ್ಲುವುದಾದರೆ ತೆಗೆದುಹಾಕಿ. ಅಪರೂಪದ ಕಾಯಿಲೆಯೇ ಒಂದು ವಿಳಾಸವೆಂಬುದನ್ನು ಮರೆಯಬೇಡಿ. ಮುಗಿಸಿದ ಮೇಲೆ ರೋಗಿಯೂ ಅವಳ ಮಗನೂ ಎದುರಿಗೆ ಕುಳಿತಿದ್ದಾರೆಂದು ಭಾವಿಸಿ ಗಟ್ಟಿಯಾಗಿ ಓದಿ. ಎಲ್ಲಿ ನಿಮ್ಮ ದನಿ ತಗ್ಗುತ್ತದೆಯೋ ಅಲ್ಲಿ ಒಡೆದು ಹಾಕಬೇಕಾದ ಸಾಲು ಇದೆ. ಹಾಗೆ ಒಡೆದ ಮೇಲೆಯೂ ಉಳಿದದ್ದು ಬರಹವಾಗಿದ್ದರೆ ಕಳುಹಿಸಿ, ಸಂತೋಷದಿಂದ ಅಚ್ಚು ಹಾಕೋಣ. ಉಳಿಯದಿದ್ದರೆ ಕಾಗದವನ್ನು ಮಡಿಸಿ ಪೆಟ್ಟಿಗೆಯಲ್ಲಿಡಿ. ಅಚ್ಚಾಗದ ಬರಹದಿಂದಲೂ ಬರೆದವನು ಕಲಿಯುವುದು ಬೇಕಾದಷ್ಟಿರುತ್ತದೆ. ಅವನು ಕಲಿಯುತ್ತಿರುವುದು ವೈದ್ಯನಾಗುವುದನ್ನು ತಾನೆ?